ನಮ್ಮ ಹಳ್ಳದ ಮೀನು: ಹಿಡಿಯುವ ರೀತಿ ಮತ್ತು ನಿಯಮ



ಹೋದ ತಿಂಗಳ ಗೋಡೆ ಪತ್ರಿಕೆಯಲ್ಲಿ ನಮ್ಮ ಕಮಲಾಪುರದ ಕೆಂಪು ಬಾಳೆಹಣ್ಣಿನ ಬಗ್ಗೆ ಲೇಖನ ಬಂದಿತ್ತು. ಅದನ್ನು ಎಲ್ಲರೂ ನಿಂತು ಓದಿದರು. ಈ ತಿಂಗಳು ನಾನು ಮೀನು ಹಿಡಿಯುವುದರ ಬಗ್ಗೆ ಬರೆಯುತ್ತಿದ್ದೇನೆ. ನಮ್ಮ ತರಗತಿಯಲ್ಲಿ ಮೀನು ತಿನ್ನದವರು ಭಾಳ ಮಂದಿ ಇದ್ದಾರೆ. ಅವರೂ ಇದನ್ನು ಓದಬೇಕು ಅಂತ ನನ್ನ ವಿನಂತಿ. ಯಾಕಂದ್ರ ಇದು ಬರೀ ಮೀನಿನ ವಿಷಯ ಅಲ್ಲ, ನಾವೆಲ್ಲರೂ ಕುಡಿಯುವ ನೀರಿನ ವಿಷಯವೂ ಹೌದು.

ನನಗೆ ಮೀನಿನ ಬಗ್ಗೆ ಗೊತ್ತಿರುವುದು ನಮ್ಮ ಸೋದರಮಾವನಿಂದ. ಮಾವ ಮೀನುಗಾರರ ಸಂಘದಲ್ಲಿ ಇದ್ದಾನೆ. ಬಲೆ ಹಾಕುತ್ತಾನೆ, ಹಿಡಿದ ಮೀನನ್ನು ಸಂತೆಯಲ್ಲಿ ಮಾರುತ್ತಾನೆ. ರಜೆಯಲ್ಲಿ ನಾನು ಅವನ ಜೊತೆ ಹೋಗುತ್ತೇನೆ. ಕಾಯ್ದೆಯ ಮಾತುಗಳನ್ನು ನಮ್ಮ ವಿಜ್ಞಾನ ಗುರುಗಳು ಬಿಡಿಸಿ ಹೇಳಿದರು.

ಈ ಲೇಖನ ಯಾಕೆ ಬರೆದೆ

ಹೋದ ಬೇಸಿಗೆಯಲ್ಲಿ ನಮ್ಮೂರ ಹಳ್ಳ ಬತ್ತಿ ಒಂದೇ ಒಂದು ಮಡು ಉಳಿದಿತ್ತು. ದೊಡ್ಡ ಆಲದ ಮರದ ಕೆಳಗಿನ ಮಡು, ನಿಮಗೆಲ್ಲ ಗೊತ್ತು. ಹಳ್ಳದ ಮೀನೆಲ್ಲ ಆ ಮಡುವಿಗೆ ಬಂದು ಸೇರಿದ್ದವು. ಒಂದು ರಾತ್ರಿ ಯಾರೋ ನಾಲ್ಕು ಮಂದಿ ಬಂದು ಪಂಪ್‌ಸೆಟ್ಟಿನ ತಂತಿಯಿಂದ ವಾಯರ್ ಎಳೆದು ಮಡುವಿಗೆ ಕರೆಂಟ್ ಬಿಟ್ಟರು. ಅವರ ಹೆಸರು ನಾನು ಬರೆಯುವುದಿಲ್ಲ. ಮರುದಿನ ಮುಂಜಾನೆ ನಾನು ಎಮ್ಮೆಗೆ ನೀರು ಕುಡಿಸಲು ಹೋದಾಗ ನೋಡಿದೆ. ದೊಡ್ಡ ಮೀನು ಒಂದೂ ಇರಲಿಲ್ಲ, ಅವನ್ನು ಅವರು ತಗೊಂಡು ಹೋಗಿದ್ದರು. ಬೆರಳಿನಷ್ಟು ಇರುವ ಮರಿಗಳು, ಕಪ್ಪೆ, ಏಡಿ, ಒಂದು ನೀರು ಹಾವು, ಎಲ್ಲಾ ಬೆಳ್ಳಗೆ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಎರಡು ದಿನದ ಮೇಲೆ ನೀರು ನಾರಲು ಶುರುವಾಯಿತು. ಎಮ್ಮೆ ಮೂಗು ಇಟ್ಟು ಕುಡಿಯದೆ ತಿರುಗಿ ಬಂತು.

ಈ ಸಲ ಮಳೆ ಛಲೋ ಆಯಿತು. ಹಳ್ಳ ತುಂಬಿ ಹರಿಯಿತು. ಆದರೆ ಮೊದಲಿನಂತೆ ದಂಡೆಯ ಹುಲ್ಲಿನಲ್ಲಿ ಮರಿಗಳ ಗುಂಪು ಕಾಣಲಿಲ್ಲ. ನಾನು ಮಾವನಿಗೆ ಕೇಳಿದೆ, "ಮಾವ, ನೀರು ಬಂತು, ಮೀನು ಯಾಕ ಬರಲಿಲ್ಲ?" ಅದಕ್ಕೆ ಮಾವ, "ಬೀಜ ಹುರಿದು ತಿಂದ ಮ್ಯಾಲ ಹೊಲದಾಗ ಏನು ಬೆಳೀತದ?" ಅಂದ. ಆ ಮಾತು ನನ್ನ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಅದಕ್ಕೇ ಈ ಲೇಖನ.

ನಮ್ಮ ನೀರು ಎಲ್ಲಿಗೆ ಹೋಗುತ್ತದೆ

ನಮ್ಮ ಕಮಲಾಪುರ ತಾಲ್ಲೂಕಿನಲ್ಲಿ ಗಂಡೋರಿ ನಾಲಾ ಇದೆ. ಅದಕ್ಕೆ ಬೆಳಕೋಟ ಹತ್ತಿರ ಅಣೆಕಟ್ಟು ಕಟ್ಟಿದ್ದಾರೆ. ಗಂಡೋರಿ ನಾಲಾ ಹೋಗಿ ಬೆಣ್ಣೆತೊರಾ ನದಿಗೆ ಸೇರುತ್ತದೆ. ಬೆಣ್ಣೆತೊರಾ ಕಾಗಿಣಾ ನದಿಗೆ ಸೇರುತ್ತದೆ. ಕಾಗಿಣಾ ಭೀಮಾ ನದಿಗೆ ಸೇರುತ್ತದೆ. ಭೀಮಾ ನದಿ ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಗೆ ಕೂಡುತ್ತದೆ. ಕೃಷ್ಣೆ ತೆಲಂಗಾಣ, ಆಂಧ್ರ ದಾಟಿ ಬಂಗಾಳ ಕೊಲ್ಲಿ ಸಮುದ್ರಕ್ಕೆ ಹೋಗುತ್ತದೆ.

ಅಂದರೆ ನಮ್ಮ ಹಳ್ಳ ಚಿಕ್ಕದಾದರೂ ಅದು ಒಂದು ದೊಡ್ಡ ಮರದ ಸಣ್ಣ ಟೊಂಗೆ ಇದ್ದ ಹಾಗೆ. ಮಳೆಗಾಲದಲ್ಲಿ ಮೀನುಗಳು ದೊಡ್ಡ ನದಿಯಿಂದ ಸಣ್ಣ ನಾಲಾಗಳ ಕಡೆಗೆ ಎದುರು ನೀರಿಗೆ ಏರಿ ಬರುತ್ತವೆ. ನೀರು ಕೆಳಗೆ ಹೋಗುತ್ತದೆ, ಮೀನು ಮೇಲೆ ಬರುತ್ತದೆ. ಕಲಬುರಗಿ ಶಹರಕ್ಕೆ ಕುಡಿಯುವ ನೀರು ಭೀಮಾ ನದಿಯಿಂದಲೂ ಬೆಣ್ಣೆತೊರಾದಿಂದಲೂ ಹೋಗುತ್ತದೆ. ಆದ್ದರಿಂದ ಹೊಳೆ ಹಳ್ಳದ ನೀರಿಗೆ ಏನಾದರೂ ಕೆಟ್ಟದ್ದು ಹಾಕುವ ಮುಂಚೆ, ಕೆಳಗೆ ಯಾರೋ ಆ ನೀರು ಕುಡಿಯುತ್ತಾರೆ ಅಂತ ನೆನಪಿಡಬೇಕು.

ನಮ್ಮಲ್ಲಿ ಸಿಗುವ ಮೀನುಗಳು

ಕಾಟ್ಲಾ: ದೊಡ್ಡ ತಲೆ, ಮೇಲಕ್ಕೆ ತಿರುಗಿದ ಬಾಯಿ. ನೀರಿನ ಮೇಲ್ಭಾಗದಲ್ಲಿ ಮೇಯುತ್ತದೆ.

ರೋಹು: ಕಂದು ಬಣ್ಣದ ಹುರುಪೆ. ನಡು ನೀರಿನಲ್ಲಿ ಇರುತ್ತದೆ.

ಮೃಗಾಲ್: ಉದ್ದ ಮೈ, ಬಾಯಿ ಕೆಳಗಡೆ. ತಳದ ರಾಡಿಯಲ್ಲಿ ಮೇಯುತ್ತದೆ.

ಈ ಮೂರನ್ನೂ ಒಂದೇ ಕೆರೆಯಲ್ಲಿ ಬಿಡುತ್ತಾರೆ. ಯಾಕಂದ್ರ ಒಂದರ ಊಟಕ್ಕೆ ಇನ್ನೊಂದು ಅಡ್ಡ ಬರುವುದಿಲ್ಲ. ಮೂರು ಅಂತಸ್ತಿನ ಮನೆಯಲ್ಲಿ ಮೂರು ಕುಟುಂಬ ಇದ್ದ ಹಾಗೆ.

ಸಾಮಾನ್ಯ ಗೆಂಡೆ: ಮೀಸೆ ಇರುತ್ತದೆ. ಇದು ನಿಂತ ನೀರಿನಲ್ಲಿಯೇ ಜೊಂಡಿಗೆ, ಹುಲ್ಲಿಗೆ ಮೊಟ್ಟೆ ಅಂಟಿಸುತ್ತದೆ.

ತಿಲಾಪಿಯಾ (ಜಿಲೇಬಿ ಮೀನು): ಇದು ಆಫ್ರಿಕಾದಿಂದ ಬಂದ ಮೀನು. ಇದರ ತಾಯಿ ಮೊಟ್ಟೆ ಮತ್ತು ಮರಿಗಳನ್ನು ಬಾಯಲ್ಲಿ ಇಟ್ಟುಕೊಂಡು ಕಾಯುತ್ತದೆ. ಅದಕ್ಕೇ ಬೇಗ ಬೆಳೆದು ಕೆರೆ ತುಂಬಿಬಿಡುತ್ತದೆ.

ಮರಲ್ (ಕೆಲವರು ಕೊರವ ಅಂತಾರೆ, ತೆಲುಗಿನವರು ಕೊರಮೀನು ಅಂತಾರೆ): ತಲೆ ಹಾವಿನ ತಲೆಯಂತೆ ಇರುತ್ತದೆ. ನೀರಿನ ಮೇಲೆ ಬಂದು ಗಾಳಿ ಉಸಿರಾಡುತ್ತದೆ. ಸ್ವಲ್ಪ ಹಸಿ ಇದ್ದರೆ ಸಾಕು, ನೀರಿನ ಹೊರಗೂ ಭಾಳ ಹೊತ್ತು ಬದುಕುತ್ತದೆ.

ಚೇಳು ಮೀನು: ಇದರ ಎರಡೂ ಪಕ್ಕದಲ್ಲಿ ಮುಳ್ಳು ಇರುತ್ತವೆ. ಚುಚ್ಚಿದರೆ ಚೇಳು ಕಡಿದಂತೆ ಉರಿಯುತ್ತದೆ. ಗೊತ್ತಿಲ್ಲದವರು ಕೈಯಿಂದ ಹಿಡಿಯಬಾರದು.

ಇವುಗಳ ಜೊತೆಗೆ ಬೆರಳಿನಷ್ಟೇ ಉದ್ದದ ಸಣ್ಣ ಮೀನುಗಳು ನೂರಾರು. ಇವು ಸೊಳ್ಳೆಯ ಮರಿಗಳನ್ನು ತಿನ್ನುತ್ತವೆ. ಮೀನು ಹೋದ ಮಡುವಿನಲ್ಲಿ ಸೊಳ್ಳೆ ಹೆಚ್ಚಾಗುತ್ತವೆ ಎಂಬುದನ್ನು ಮೀನು ತಿನ್ನದವರೂ ಗಮನಿಸಬೇಕು.

ಮೀನು ಹಿಡಿಯುವ ರೀತಿಗಳು

1) ಗಾಳ: ನಾವು ಮಕ್ಕಳು ಹಿಡಿಯುವುದು ಇದರಿಂದ. ಬೇಕಾಗುವ ಸಾಮಾನುಗಳು: ಒಂದು ಬಿದಿರಿನ ಕೋಲು, ನೈಲಾನ್ ದಾರ, ಗಾಳದ ಕೊಕ್ಕೆ, ಒಂದು ಬೆಂಡು, ಒಂದು ಸಣ್ಣ ಭಾರ. ಬೆಂಡಿಗೆ ಜೋಳದ ದಂಟಿನ ಒಳಗಿನ ತಿರುಳು ಸಾಕು, ಅದು ಹಗುರ ಇರುವುದರಿಂದ ತೇಲುತ್ತದೆ. ಭಾರಕ್ಕೆ ಕೆಲವರು ಸೀಸದ ಗುಂಡು ಕಟ್ಟುತ್ತಾರೆ. ಸೀಸ ವಿಷದ ಲೋಹ, ಹಲ್ಲಿನಿಂದ ಕಚ್ಚಿ ಕಟ್ಟಬಾರದು. ಸೈಕಲ್ಲಿನ ಹಳೆ ನಟ್ಟು ಕಟ್ಟಿದರೂ ನಡೆಯುತ್ತದೆ.

ಬೆಂಡು ಮತ್ತು ಕೊಕ್ಕೆಯ ನಡುವಿನ ದಾರದ ಉದ್ದವೇ ಮುಖ್ಯ. ಕಾಟ್ಲಾ ಮೇಲಿನ ಮೀನು, ಅದಕ್ಕೆ ದಾರ ಗಿಡ್ಡ ಇರಬೇಕು. ಗೆಂಡೆ, ಮೃಗಾಲ್ ತಳದ ಮೀನು, ಅವಕ್ಕೆ ಕೊಕ್ಕೆ ತಳ ಮುಟ್ಟಬೇಕು. ಜೋಳದ ಹಿಟ್ಟಿನ ಗಟ್ಟಿ ಉಂಡೆ, ಗೋಧಿ ಹಿಟ್ಟು, ಶೇಂಗಾ ಹಿಂಡಿ ಗೆಂಡೆ ಜಾತಿಯ ಮೀನಿಗೆ ಛಲೋ. ಎರೆಹುಳ ಎಲ್ಲಾ ಮೀನಿಗೂ ನಡೆಯುತ್ತದೆ. ಬೆಂಡು ಒಂದು ಸಲ ಅಲುಗಾಡಿದ ಕೂಡಲೇ ಎಳೆಯಬಾರದು. ಅದು ಮೀನು ಮೂಸಿ ನೋಡುವುದು. ಬೆಂಡು ಪೂರ್ತಿ ಮುಳುಗಿದಾಗ ಅಥವಾ ಪಕ್ಕಕ್ಕೆ ಓಡಿದಾಗ ಕೋಲನ್ನು ಮೇಲಕ್ಕೆ ಎತ್ತಬೇಕು, ಜಗ್ಗಬಾರದು. ನಾನು ಮೊದಲ ಒಂದು ತಿಂಗಳು ಬರೀ ಜಗ್ಗಿ ಜಗ್ಗಿ ದಾರ ಹರಿದುಕೊಂಡೆ.

ಮೀನಿಗೆ ಕಣ್ಣು ಚೆನ್ನಾಗಿ ಕಾಣುತ್ತದೆ, ದಂಡೆಯ ಮೇಲೆ ಓಡಾಡಿದರೆ ನೆಲದ ನಡುಕವೂ ತಿಳಿಯುತ್ತದೆ. ಆದ್ದರಿಂದ ಗದ್ದಲ ಮಾಡದೆ ಕುಳಿತುಕೊಳ್ಳಬೇಕು. ಬೇಸಿಗೆಯಲ್ಲಿ ಮುಂಜಾನೆ ಮತ್ತು ಹೊತ್ತು ಮುಳುಗುವ ಮುಂಚೆ ಮೀನು ಹೆಚ್ಚು ಮೇಯುತ್ತದೆ. ಮಧ್ಯಾಹ್ನದ ಬಿಸಿಲಿಗೆ ಅದೂ ನಮ್ಮಂತೆ ನೆರಳು ಹುಡುಕಿ ಆಳಕ್ಕೆ ಹೋಗುತ್ತದೆ.

2) ಬೀಸು ಬಲೆ: ಇದು ಛತ್ರಿಯಂತೆ ಬಿಚ್ಚಿಕೊಳ್ಳುವ ಬಲೆ. ಅಂಚಿಗೆ ಸುತ್ತಲೂ ಭಾರ ಇರುತ್ತದೆ. ಅರ್ಧ ಬಲೆಯನ್ನು ಮೊಳಕೈ ಮೇಲೆ ಹಾಕಿಕೊಂಡು, ಸೊಂಟ ತಿರುಗಿಸಿ ಬೀಸಬೇಕು. ಸರಿಯಾಗಿ ಬೀಸಿದರೆ ನೀರಿನ ಮೇಲೆ ದುಂಡಗೆ ಬೀಳುತ್ತದೆ. ನಾನು ಬೀಸಿದರೆ ಬಾಳೆ ಎಲೆಯಂತೆ ಉದ್ದಕ್ಕೆ ಬೀಳುತ್ತದೆ ಅಂತ ಮಾವ ನಗುತ್ತಾನೆ.

3) ಕಂತು ಬಲೆ: ಇದನ್ನು ನೀರಿನಲ್ಲಿ ಗೋಡೆಯಂತೆ ನಿಲ್ಲಿಸುತ್ತಾರೆ. ಮೇಲೆ ಬೆಂಡು, ಕೆಳಗೆ ಭಾರ. ಸಂಜೆ ಹರಿಗೋಲಿನಲ್ಲಿ ಹೋಗಿ ಬಿಟ್ಟು ಬಂದು ಮುಂಜಾನೆ ಎತ್ತುತ್ತಾರೆ. ಮೀನು ಬಲೆಯ ಕಣ್ಣಿನಲ್ಲಿ ತಲೆ ತೂರಿಸುತ್ತದೆ. ಮುಂದೆ ಹೋಗಲು ಹೊಟ್ಟೆ ಅಡ್ಡ, ಹಿಂದೆ ಬರಲು ಕಿವಿರಿನ ಮುಚ್ಚಳ ಅಡ್ಡ. ಹೀಗೆ ಸಿಕ್ಕಿಕೊಳ್ಳುತ್ತದೆ.

ಇಲ್ಲಿ ಒಂದು ಲೆಕ್ಕ ಇದೆ. ಬಲೆಯ ಕಣ್ಣು ದೊಡ್ಡದಿದ್ದರೆ ಮರಿ ಮೀನು ಆರಾಮಾಗಿ ದಾಟಿ ಹೋಗುತ್ತದೆ, ದೊಡ್ಡ ಮೀನು ಮಾತ್ರ ಸಿಗುತ್ತದೆ. ಕಣ್ಣು ಸೊಳ್ಳೆ ಪರದೆಯಷ್ಟು ಸಣ್ಣದಿದ್ದರೆ ಎಲ್ಲಾ ಮರಿಯೂ ಸಾಯುತ್ತವೆ. ಸೊಳ್ಳೆ ಪರದೆ, ಹಳೆ ಸೀರೆ ಹಿಡಿದು ಮರಿ ಬಾಚುವುದನ್ನು ನಾವೆಲ್ಲ ಮಾಡಿದ್ದೇವೆ. ನಾನೂ ಮಾಡಿದ್ದೇನೆ. ಒಂದು ಡಬ್ಬಿ ತುಂಬ ಮರಿ ಹಿಡಿದು ಮನೆಗೆ ತಂದರೆ ಒಂದು ಹಿಡಿ ಪಲ್ಯ ಆಗುವುದಿಲ್ಲ. ಅವೇ ಮರಿಗಳಲ್ಲಿ ಹತ್ತು ಬದುಕಿದ್ದರೂ ಒಂದು ವರ್ಷದಲ್ಲಿ ಒಂದೊಂದು ಮುಕ್ಕಾಲು ಕಿಲೋ, ಒಂದು ಕಿಲೋ ಆಗುತ್ತಿದ್ದವು.

ಮೃಗಶಿರ ಮಳೆ ಮತ್ತು ಮೊಟ್ಟೆಯ ಮೀನು

ಜೂನ್ 7 ಅಥವಾ 8ನೇ ತಾರೀಖು ಮೃಗಶಿರ ಮಳೆ ಕೂಡುತ್ತದೆ. ಆ ದಿನ ಮೀನು ತಿನ್ನಬೇಕು ಅನ್ನುವ ಪದ್ಧತಿ ಹೈದರಾಬಾದ್ ಕಡೆ ದೊಡ್ಡದಾಗಿದೆ. ಹಿಂದೆ ನಾವು ಹೈದರಾಬಾದ್ ರಾಜ್ಯದಲ್ಲೇ ಇದ್ದವರಲ್ಲವೇ, ಹಾಗಾಗಿ ನಮ್ಮ ಕಡೆಯೂ ಕೆಲವರ ಮನೆಯಲ್ಲಿ ಇದು ನಡೆಯುತ್ತದೆ. ಆ ದಿನ ಸಂತೆಯಲ್ಲಿ ಮೀನಿನ ರೇಟು ಏರುತ್ತದೆ.

ಆದರೆ ಮೀನಿನ ಪಂಚಾಂಗದಲ್ಲಿ ಅದೇ ದಿನಗಳು ಬಾಣಂತನದ ದಿನಗಳು. ಮೊದಲ ಮಳೆಯ ಹೊಸ ನೀರು ಬಂದಾಗ ರೋಹು, ಕಾಟ್ಲಾ, ಮೃಗಾಲ್ ಎದುರು ನೀರಿಗೆ ಏರಿ, ದಂಡೆಯ ತೆಳ್ಳನೆ ನೀರಿನಲ್ಲಿ ಮೊಟ್ಟೆ ಇಡುತ್ತವೆ. ಆಗ ಅವು ಗುಂಪಾಗಿ ಬರುತ್ತವೆ, ಹೊಟ್ಟೆ ಭಾರ ಇರುತ್ತದೆ, ಓಡಲು ಬರುವುದಿಲ್ಲ. ಹಿಡಿಯಲು ಭಾಳ ಸಲೀಸು. ಅದೇ ತೊಂದರೆ.

ಎರಡು ವರ್ಷದ ಹಿಂದೆ ನಾನು ಐದನೇ ತರಗತಿಯಲ್ಲಿದ್ದಾಗ ಹೊಸ ನೀರಿನಲ್ಲಿ ಒಂದು ರೋಹು ಹಿಡಿದೆ. ಗಾಳವೂ ಬೇಕಾಗಲಿಲ್ಲ, ದಂಡೆಯ ಹುಲ್ಲಿನಲ್ಲಿ ಕೈಗೇ ಸಿಕ್ಕಿತು. ಓಡುತ್ತಾ ಮನೆಗೆ ತಂದು ಅವ್ವನ ಮುಂದೆ ಇಟ್ಟೆ. ಅವ್ವ ಹೊಟ್ಟೆ ಕೊಯ್ದಳು. ಒಳಗೆ ಪೂರ್ತಿ ಮೊಟ್ಟೆ, ರವೆಯಂತೆ ಸಣ್ಣ ಸಣ್ಣ ಕಾಳು, ತಾಟಿನ ತುಂಬ ಬಂದವು. ಅವ್ವ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಳು. ಆಗ ನನ್ನ ಸಣ್ಣ ತಂಗಿ ಹುಟ್ಟಿ ಎರಡು ತಿಂಗಳಾಗಿತ್ತು. "ಇನ್ನ ಮ್ಯಾಲ ಇಂಥದು ತರಬ್ಯಾಡಪ್ಪ" ಅಂದಳು. ಅಷ್ಟೇ ಅಂದಳು, ಬೈಯಲಿಲ್ಲ. ಆ ದಿನ ಅವಳು ಮೀನು ಉಣ್ಣಲಿಲ್ಲ.

ಆಮೇಲೆ ಗುರುಗಳು ಹೇಳಿದರು. ಒಂದು ಕಿಲೋ ತೂಕದ ರೋಹುವಿನ ಹೊಟ್ಟೆಯಲ್ಲಿ ಸುಮಾರು 2 ಲಕ್ಷ ಮೊಟ್ಟೆ ಇರುತ್ತವೆ. ಎಲ್ಲಾ ಮೊಟ್ಟೆ ಮೀನಾಗುವುದಿಲ್ಲ. ಹಕ್ಕಿ, ಕಪ್ಪೆ, ಬೇರೆ ಮೀನು ತಿಂದು, ನೀರು ಇಳಿದು ಒಣಗಿ ಭಾಳ ಸ್ವಲ್ಪ ಉಳಿಯುತ್ತವೆ. ಆದ್ದರಿಂದಲೇ ಅದು ಅಷ್ಟು ಮೊಟ್ಟೆ ಇಡುತ್ತದೆ. ರೋಹು ಮೊಟ್ಟೆ ಇಡುವಷ್ಟು ಬೆಳೆಯಲು ಸುಮಾರು 2 ವರ್ಷ ಬೇಕು. ಅಂದರೆ ಯಾವುದೇ ಮೀನನ್ನು ಒಂದು ಸಲವಾದರೂ ಮೊಟ್ಟೆ ಇಡಲು ಬಿಡಬೇಕು, ಆಮೇಲೆ ಹಿಡಿಯಬೇಕು. ಮೀನು ಹಿಡಿಯುವ ಎಲ್ಲಾ ನಿಯಮಗಳೂ ಈ ಒಂದು ಮಾತಿನಿಂದ ಹುಟ್ಟಿವೆ ಅಂತ ನನಗೆ ಅನ್ನಿಸುತ್ತದೆ. ಸಣ್ಣ ಕಣ್ಣಿನ ಬಲೆ ಬ್ಯಾಡ ಅನ್ನುವುದು ಇದಕ್ಕೇ. ಮಳೆ ಶುರುವಿನಲ್ಲಿ ಹಿಡಿಯಬ್ಯಾಡ ಅನ್ನುವುದೂ ಇದಕ್ಕೇ.

ಸಮುದ್ರದಲ್ಲಿಯೂ ಹೀಗೇ ಇದೆ. ಮಂಗಳೂರು, ಮಲ್ಪೆ, ಕಾರವಾರದ ಕಡೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳು ಮೀನು ಹಿಡಿಯುವಂತಿಲ್ಲ. ಅಷ್ಟು ದೊಡ್ಡ ಸಮುದ್ರಕ್ಕೇ ಎರಡು ತಿಂಗಳು ರಜೆ ಬೇಕಾದರೆ, ನಮ್ಮ ಹಳ್ಳಕ್ಕೆ ಬೇಡವೇ?

ಮರಲ್ ಮೀನಿನ ಕಥೆ ಬೇರೆ. ಅದು ಜೊಂಡಿನ ನಡುವೆ ಗೂಡು ಮಾಡಿ ಮೊಟ್ಟೆ ಇಡುತ್ತದೆ. ಮರಿಗಳು ಕೆಂಪಗೆ ಇರುತ್ತವೆ, ನೂರಾರು ಮರಿ ಒಂದೇ ಚೆಂಡಿನಂತೆ ನೀರಿನ ಮೇಲೆ ಬುಳುಬುಳು ಅನ್ನುತ್ತಾ ತಿರುಗುತ್ತವೆ. ಕೆಳಗೆ ತಂದೆ ತಾಯಿ ಕಾವಲು ಇರುತ್ತವೆ. ನಮ್ಮ ಹುಡುಗರಿಗೆ ಇದು ಗೊತ್ತು. ಕೆಂಪು ಚೆಂಡು ಕಂಡ ಕೂಡಲೇ ಕೊಕ್ಕೆಗೆ ಕಪ್ಪೆ ಸಿಕ್ಕಿಸಿ ಅಲ್ಲೇ ಇಳಿಬಿಡುತ್ತಾರೆ. ಮರಿಗೆ ಶತ್ರು ಬಂತು ಅಂತ ದೊಡ್ಡ ಮೀನು ಸಿಟ್ಟಿನಿಂದ ಬಾಯಿ ಹಾಕುತ್ತದೆ, ಸಿಕ್ಕಿಬೀಳುತ್ತದೆ. ಅದು ಹಸಿದು ಬಂದದ್ದಲ್ಲ, ಮಕ್ಕಳನ್ನು ಕಾಯಲು ಬಂದದ್ದು. ಕಾವಲು ಹೋದ ಮೇಲೆ ಮರಿಗಳನ್ನು ಬೇರೆ ಮೀನುಗಳು ಒಂದೇ ದಿನದಲ್ಲಿ ತಿಂದು ಮುಗಿಸುತ್ತವೆ. ಗೆಳೆಯರೇ, ಈ ಒಂದು ರೀತಿಯನ್ನು ನಾವು ಬಿಟ್ಟುಬಿಡೋಣ. ಇದು ಯಾವ ಆಫೀಸಿನವರೂ ಬಂದು ನೋಡುವಂಥದ್ದಲ್ಲ, ನಾವೇ ಬಿಡಬೇಕು.

ಕೆರೆಯ ಮೀನು ಯಾರದು?

"ಕೆರೆ ಮೀನು ದೇವರು ಕೊಟ್ಟಿದ್ದು, ಯಾರಾದರೂ ಹಿಡಿಯಬಹುದು" ಅಂತ ನಾನು ತಿಳಿದಿದ್ದೆ. ಅದು ತಪ್ಪು.

ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನ ಕೆರೆಯಲ್ಲಿ ತಾವಾಗಿಯೇ ಮರಿ ಮಾಡುವುದಿಲ್ಲ. ಅವಕ್ಕೆ ಹರಿಯುವ ಹೊಸ ನೀರು ಬೇಕು. ಹಿಂದೆ ಜನ ನದಿಗಳಿಂದ ಮರಿ ಹಿಡಿದು ತಂದು ಕೆರೆಗೆ ಬಿಡುತ್ತಿದ್ದರು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಮೀನಿನ ತಲೆಯಲ್ಲಿರುವ ಒಂದು ಗ್ರಂಥಿಯ ರಸವನ್ನು ಇಂಜೆಕ್ಷನ್ ಮಾಡಿ, ಈ ಜಾತಿಯ ಮೀನುಗಳು ಕೊಳದಲ್ಲಿಯೇ ಮೊಟ್ಟೆ ಇಡುವಂತೆ ಮಾಡಿದರು. ಅದರ ನೆನಪಿಗೆ ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನ ಅಂತ ಆಚರಿಸುತ್ತಾರೆ. ಈಗ ಮೀನುಮರಿ ಕೇಂದ್ರಗಳಲ್ಲಿ ಮರಿ ಮಾಡುತ್ತಾರೆ. ಕೆರೆ ಗುತ್ತಿಗೆ ಹಿಡಿದವರು ರೊಕ್ಕ ಕೊಟ್ಟು ಮರಿ ತಂದು, ಪ್ಲಾಸ್ಟಿಕ್ ಚೀಲದಲ್ಲಿ ಆಮ್ಲಜನಕ ತುಂಬಿಸಿ, ಮಳೆಗಾಲದಲ್ಲಿ ಕೆರೆಗೆ ಬಿಡುತ್ತಾರೆ. ಆದ್ದರಿಂದ ಗುತ್ತಿಗೆ ಕೆರೆಯಲ್ಲಿ ಕೇಳದೆ ಮೀನು ಹಿಡಿಯುವುದು ಅಂದರೆ ಬೇರೆಯವರ ಹೊಲದಲ್ಲಿ ಜೋಳದ ತೆನೆ ಮುರಿದಂತೆ.

ದೊಡ್ಡ ಕೆರೆಗಳನ್ನು ಮೀನುಗಾರಿಕೆ ಇಲಾಖೆಯವರು ಮೀನುಗಾರರ ಸಹಕಾರ ಸಂಘಗಳಿಗೆ ಗುತ್ತಿಗೆ ಕೊಡುತ್ತಾರೆ, ಇಲ್ಲವೇ ಟೆಂಡರ್, ಹರಾಜು ಮಾಡುತ್ತಾರೆ. ಸಣ್ಣ ಕೆರೆಗಳು ಗ್ರಾಮ ಪಂಚಾಯಿತಿಗೆ ಸೇರಿರುತ್ತವೆ. ನದಿಯಲ್ಲಿ, ಜಲಾಶಯದಲ್ಲಿ ಹಿಡಿಯಲು ಲೈಸೆನ್ಸ್ ಬೇಕು. ಮಾವನ ಹತ್ತಿರ ಲೈಸೆನ್ಸ್ ಇದೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರುಮಾಲಿನಲ್ಲಿ ಇಟ್ಟುಕೊಳ್ಳುತ್ತಾನೆ. ಯಾವ ನೀರಿನಲ್ಲಿ ಹಿಡಿಯಬಹುದು, ಯಾವಾಗ ಬಂದ್ ಇದೆ ಅಂತ ಮೂರು ಕಡೆ ಕೇಳಬಹುದು: ಗ್ರಾಮ ಪಂಚಾಯಿತಿ, ಮೀನುಗಾರರ ಸಂಘ, ಮೀನುಗಾರಿಕೆ ಇಲಾಖೆಯ ಕಚೇರಿ. ಕೇಳಿದರೆ ಹೇಳುತ್ತಾರೆ.

ಕಾಯ್ದೆ ಏನು ಹೇಳುತ್ತದೆ

ನಮ್ಮ ದೇಶದಲ್ಲಿ ಮೀನಿನ ಬಗ್ಗೆ 1897ರಲ್ಲಿಯೇ ಒಂದು ಕಾಯ್ದೆ ಬಂತು. ಅದು ಬ್ರಿಟಿಷರ ಕಾಲ. ಸಿಡಿಮದ್ದು ಹಾಕಿ ಮೀನು ಕೊಲ್ಲುವುದು, ನೀರಿಗೆ ವಿಷ, ಸುಣ್ಣ ಹಾಕಿ ಮೀನು ಕೊಲ್ಲುವುದು ಅಪರಾಧ ಅಂತ ಅದರಲ್ಲಿ ಬರೆದಿದ್ದರು. ಎರಡು ತಿಂಗಳವರೆಗೆ ಜೈಲು ಅಥವಾ 200 ರೂಪಾಯಿವರೆಗೆ ದಂಡ ಇತ್ತು. ಆ ಕಾಲಕ್ಕೆ 200 ರೂಪಾಯಿ ಅಂದರೆ ಭಾಳ ದೊಡ್ಡದು. ಆಗ ನಮ್ಮ ಕಲಬುರಗಿ ನಿಜಾಮರ ರಾಜ್ಯದಲ್ಲಿತ್ತು. ಈಗ ನಮ್ಮ ರಾಜ್ಯಕ್ಕೆ ಬೇರೆಯೇ ಕಾಯ್ದೆ ಇದೆ. ಅದರ ಹೆಸರು ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆ, 1996. ಇದರಲ್ಲಿಯೂ ಸಿಡಿಮದ್ದು ಮತ್ತು ವಿಷದಿಂದ ಮೀನು ಹಿಡಿಯುವುದಕ್ಕೆ ನಿಷೇಧ ಇದೆ.

ಇನ್ನೊಂದು ಮಾತು. ಬಲೆಯಲ್ಲಿ ಆಮೆ ಸಿಕ್ಕರೆ ಬಿಟ್ಟುಬಿಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಸಾಕುವುದು ಅಪರಾಧ. ಆಫ್ರಿಕನ್ ಕ್ಯಾಟ್‌ಫಿಷ್ ಎಂಬ ಮೀನನ್ನು ಸಾಕುವುದಕ್ಕೂ ಸರ್ಕಾರ ನಿಷೇಧ ಹಾಕಿದೆ. ಅದು ಹೊಂಡದಿಂದ ಹಳ್ಳಕ್ಕೆ ತಪ್ಪಿಸಿಕೊಂಡು ಹೋದರೆ ನಮ್ಮ ಮೀನು, ಮರಿ, ಕಪ್ಪೆ ಎಲ್ಲವನ್ನೂ ತಿಂದುಬಿಡುತ್ತದೆ.

ಕರೆಂಟ್, ವಿಷ, ಸಿಡಿಮದ್ದು ಯಾಕೆ ಕೆಟ್ಟದ್ದು

ಕರೆಂಟ್: ನೀರಿನಲ್ಲಿ ಕರೆಂಟ್ ಹರಿದಾಗ ಮೀನಿನ ಸ್ನಾಯುಗಳು ಒಮ್ಮೆಲೆ ಬಿಗಿಯುತ್ತವೆ. ಎಷ್ಟೋ ಮೀನಿನ ಬೆನ್ನೆಲುಬೇ ಮುರಿಯುತ್ತದೆ. ಅದಕ್ಕೆ ದೊಡ್ಡ ಮೀನು, ಸಣ್ಣ ಮೀನು ಎಂಬ ಭೇದ ಇಲ್ಲ. ಮನುಷ್ಯ ಎಂಬ ಭೇದವೂ ಇಲ್ಲ. ನಮ್ಮ ಮನೆಯ ಕರೆಂಟ್ 230 ವೋಲ್ಟ್ ಇರುತ್ತದೆ, ಪಂಪ್‌ಸೆಟ್ಟಿಗೆ ಇನ್ನೂ ಹೆಚ್ಚು. ಒದ್ದೆ ರಾಡಿಯಲ್ಲಿ ಬರಿಗಾಲಲ್ಲಿ ನಿಂತು ವಾಯರ್ ಹಿಡಿದವರಿಗೆ ಸಾವು ಒಂದು ಗೇಣು ದೂರ. ಎಮ್ಮೆ, ದನ ನೀರಿಗೆ ಇಳಿದರೂ ಅಷ್ಟೇ.

ವಿಷ: ಕೆಲವರು ಬ್ಲೀಚಿಂಗ್ ಪುಡಿ, ಕೆಲವರು ಹೊಲಕ್ಕೆ ಹೊಡೆಯುವ ಔಷಧಿ ಹಾಕುತ್ತಾರೆ. ಇದು ಮೀನಿನ ಕಿವಿರನ್ನು ಸುಡುತ್ತದೆ, ಮೀನು ಉಸಿರಾಡಲಾಗದೆ ಮೇಲೆ ಬರುತ್ತದೆ. ಹೊಲದ ಔಷಧಿಯಿಂದ ಸತ್ತ ಮೀನನ್ನು ತಿಂದವರ ಹೊಟ್ಟೆಗೂ ಆ ಔಷಧಿ ಹೋಗುತ್ತದೆ. ಅದೇ ನೀರನ್ನು ದನ ಕುಡಿಯುತ್ತವೆ, ಅವ್ವಂದಿರು ಬಟ್ಟೆ ಒಗೆಯುತ್ತಾರೆ.

ಸಿಡಿಮದ್ದು: ಮೀನಿನ ಹೊಟ್ಟೆಯಲ್ಲಿ ಒಂದು ಗಾಳಿ ಚೀಲ ಇರುತ್ತದೆ, ಅದರಿಂದಲೇ ಅದು ತೇಲುತ್ತದೆ. ಸಿಡಿತದ ಹೊಡೆತಕ್ಕೆ ಆ ಚೀಲ ಒಡೆಯುತ್ತದೆ. ಕೆಲವು ಮೀನು ಮೇಲೆ ತೇಲಿ ಸಿಗುತ್ತವೆ, ಇನ್ನುಳಿದವು ತಳಕ್ಕೆ ಮುಳುಗಿ ಯಾರಿಗೂ ಸಿಗದೆ ಕೊಳೆಯುತ್ತವೆ. ಹಾಕುವವನ ಕೈ ಹೋಗುವ ಭಯ ಬೇರೆ.

ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನಲ್ಲಿ ಶಿಶಿಲ ಎಂಬ ಊರು ಇದೆ. ಅಲ್ಲಿ ಕಪಿಲಾ ನದಿಯ ದಂಡೆಗೆ ಶಿಶಿಲೇಶ್ವರ ಗುಡಿ ಇದೆ. ಆ ನದಿಯ ಮೀನುಗಳನ್ನು ದೇವರ ಮೀನು ಅಂತ ಯಾರೂ ಹಿಡಿಯುವುದಿಲ್ಲ, ಭಕ್ತರು ಅಕ್ಕಿ, ಮಂಡಕ್ಕಿ ಹಾಕುತ್ತಾರೆ. 1996ರಲ್ಲಿ ಯಾರೋ ದುಷ್ಟರು ಆ ನೀರಿಗೆ ವಿಷ ಹಾಕಿದರು. ಸಾವಿರಾರು ಮೀನು ಸತ್ತವು. ಊರಿನ ಜನ ಆ ಮೀನುಗಳ ನೆನಪಿಗೆ ಒಂದು ಸ್ಮಾರಕ ಕಟ್ಟಿದ್ದಾರೆ. ಮನುಷ್ಯರಿಗೆ ಸ್ಮಾರಕ ಕಟ್ಟುವುದು ಕೇಳಿದ್ದೇವೆ, ಮೀನಿಗೂ ಕಟ್ಟಿದ ಊರು ನಮ್ಮ ರಾಜ್ಯದಲ್ಲಿ ಇದೆ ಎಂದು ಗುರುಗಳು ಹೇಳಿದಾಗ ನನಗೆ ನಮ್ಮ ಆಲದ ಮರದ ಮಡುವೇ ಕಣ್ಣ ಮುಂದೆ ಬಂತು.

ಟ್ರೌಟ್ ಎಂಬ ಮೀನು

ಶಾಲೆಯ ಗ್ರಂಥಾಲಯದ ಒಂದು ಪುಸ್ತಕದಲ್ಲಿ ಟ್ರೌಟ್ ಎಂಬ ಮೀನಿನ ಚಿತ್ರ ಇದೆ. ಮೈ ಮೇಲೆ ಚುಕ್ಕೆ ಚುಕ್ಕೆ, ಭಾಳ ಚಂದ. ಇದು ನಮ್ಮ ಹಳ್ಳದಲ್ಲಿ ಸಿಗುತ್ತದೇನು ಅಂತ ಗುರುಗಳಿಗೆ ಕೇಳಿದೆ. ಅವರು ನಕ್ಕರು. ಟ್ರೌಟ್ ತಣ್ಣೀರಿನ ಮೀನು. ನೀರು ಸುಮಾರು 20 ಡಿಗ್ರಿಗಿಂತ ಬಿಸಿ ಆದರೆ ಅದಕ್ಕೆ ಆಗುವುದಿಲ್ಲ. ನಮ್ಮ ಕಲಬುರಗಿಯಲ್ಲಿ ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಅದನ್ನು ಬ್ರಿಟಿಷರ ಕಾಲದಲ್ಲಿ ಹೊರದೇಶದಿಂದ ತಂದು ಕಾಶ್ಮೀರ, ಹಿಮಾಚಲ ಪ್ರದೇಶ, ನೀಲಗಿರಿ ಬೆಟ್ಟಗಳ ತಣ್ಣನೆ ಹೊಳೆಗಳಲ್ಲಿ ಬಿಟ್ಟರು.

ಅಲ್ಲಿ ಗಾಳ ಹಾಕುವವರು ಮೊದಲು ಪರವಾನಗಿ ಚೀಟಿ ತಗೊಳ್ಳಬೇಕು. ದಿನಕ್ಕೆ ಇಷ್ಟೇ ಮೀನು, ಇಷ್ಟು ಉದ್ದಕ್ಕಿಂತ ಸಣ್ಣದು ಸಿಕ್ಕರೆ ವಾಪಸ್ ಬಿಡಬೇಕು ಎಂಬ ನಿಯಮ ಇದೆ. ಟ್ರೌಟ್ ಚಳಿಗಾಲದಲ್ಲಿ ಮೊಟ್ಟೆ ಇಡುತ್ತದೆ. ಆದ್ದರಿಂದ ಹಿಮಾಚಲದಲ್ಲಿ ಚಳಿಗಾಲದಲ್ಲಿ ಟ್ರೌಟ್ ಹಿಡಿಯುವುದು ಬಂದ್. ನಮ್ಮ ಮೀನು ಮಳೆಗಾಲದಲ್ಲಿ ಮೊಟ್ಟೆ ಇಡುತ್ತದೆ, ನಮ್ಮಲ್ಲಿ ಮಳೆಗಾಲದಲ್ಲಿ ಬಿಡಬೇಕು. ಮೀನು ಬೇರೆ, ಋತು ಬೇರೆ, ನಿಯಮದ ಅರ್ಥ ಮಾತ್ರ ಒಂದೇ.

ನಾವು ಪಾಲಿಸಬೇಕಾದ ಮಾತುಗಳು

1. ಮೃಗಶಿರ ಮಳೆಯಿಂದ ಎರಡು ತಿಂಗಳು ಹಳ್ಳದಲ್ಲಿ ಮೀನು ಹಿಡಿಯಬಾರದು.

2. ಗೇಣಿಗಿಂತ ಸಣ್ಣ ರೋಹು, ಕಾಟ್ಲಾ, ಗೆಂಡೆ ಸಿಕ್ಕರೆ ಕೈ ಒದ್ದೆ ಮಾಡಿಕೊಂಡು ಕೊಕ್ಕೆ ಬಿಡಿಸಿ ನೀರಿಗೆ ಬಿಡಬೇಕು. ಒಣಗಿದ ಕೈಯಿಂದ ಹಿಡಿದರೆ ಮೀನಿನ ಮೈ ಮೇಲಿನ ಲೋಳೆ ಹೋಗುತ್ತದೆ, ಆಮೇಲೆ ರೋಗ ಬಂದು ಸಾಯುತ್ತದೆ.

3. ಬೇಸಿಗೆಯಲ್ಲಿ ಕಡೆಗೆ ಉಳಿದ ಮಡುವಿನ ಮೀನನ್ನು ಮುಟ್ಟಬಾರದು. ಅದು ಮುಂದಿನ ವರ್ಷದ ಬೀಜ.

4. ಕೆಂಪು ಮರಿಗಳ ಚೆಂಡು ಕಂಡರೆ ಅಲ್ಲಿ ಗಾಳ ಹಾಕಬಾರದು.

5. ಹರಿದ ದಾರ, ಬಲೆ ಚೂರು ದಂಡೆಯಲ್ಲಿ ಬಿಟ್ಟು ಬರಬಾರದು. ಬೆಳ್ಳಕ್ಕಿಯ ಕಾಲಿಗೆ ಸುತ್ತಿಕೊಂಡು ಅವು ಸಾಯುತ್ತವೆ.

6. ಒಬ್ಬರೇ ಹೋಗಬಾರದು. ಎರೆ ಮಣ್ಣಿನ ದಂಡೆ ಜಾರುತ್ತದೆ. ಕಲ್ಲು ತೆಗೆದ ಖಣಿಯ ನೀರಿಗಂತೂ ಹೋಗಲೇಬಾರದು, ದಂಡೆ ಗೋಡೆಯಂತೆ ಇರುವುದರಿಂದ ಬಿದ್ದವರು ಹತ್ತಿ ಬರಲಾಗುವುದಿಲ್ಲ. ಗುಡುಗು ಮಿಂಚು ಇದ್ದಾಗ, ಕರೆಂಟಿನ ತಂತಿಯ ಕೆಳಗೆ ಕೋಲು ಎತ್ತಬಾರದು.

7. ಯಾರಾದರೂ ವಾಯರ್ ಅಥವಾ ಪುಡಿ ತಗೊಂಡು ಹಳ್ಳಕ್ಕೆ ಹೋಗುವುದು ಕಂಡರೆ ನಾವು ಮಕ್ಕಳು ಜಗಳ ಮಾಡಬಾರದು. ಗುರುಗಳಿಗೆ ಅಥವಾ ಮನೆಯಲ್ಲಿ ದೊಡ್ಡವರಿಗೆ ಕೂಡಲೇ ಹೇಳಬೇಕು.

ಇವುಗಳಲ್ಲಿ ಕೆಲವು ಕಾಯ್ದೆಯ ಮಾತು, ಕೆಲವು ಮಾವನ ಮಾತು, ನಾಲ್ಕನೇದು ನನ್ನದು.

ಕೊನೆಯದಾಗಿ, ಆ ರಾತ್ರಿ ಕರೆಂಟ್ ಬಿಟ್ಟವರಲ್ಲಿ ಒಬ್ಬರು ಆಮೇಲೆ ಮಾವನ ಹತ್ತಿರ ಬಂದು, "ಈ ಸಲ ಹಳ್ಳದಾಗ ಏನೂ ಸಿಗವಲ್ದು, ಒಂದಿಷ್ಟು ಮೀನ ಕೊಡು" ಅಂತ ಕೇಳಿದರು. ಮಾವ ಏನೂ ಅನ್ನದೆ ತೂಕ ಮಾಡಿ ಕೊಟ್ಟ, ರೊಕ್ಕ ತಗೊಂಡ. ಅವರು ಹೋದ ಮೇಲೆ ನನಗೆ, "ಮೊದಲ ಪುಕ್ಕಟೆ ಸಿಗತಿತ್ತು" ಅಂದ.

ಈ ವರ್ಷ ಹಳ್ಳದಲ್ಲಿ ನೀರು ಇದೆ. ಗಂಡೋರಿ ನಾಲಾ ಕಡೆಯಿಂದ ಒಂದೆರಡು ಮೀನಾದರೂ ಏರಿ ಬಂದಿರಬಹುದು. ಅವು ಮೊಟ್ಟೆ ಇಡುವವರೆಗೆ ನಾವು ಸುಮ್ಮನಿದ್ದರೆ ಸಾಕು. ನಾನು ಮುಂದಿನ ಮೃಗಶಿರದವರೆಗೆ ನನ್ನ ಗಾಳದ ಕೋಲನ್ನು ಮನೆಯ ಜಂತಿಗೆ ಸಿಕ್ಕಿಸಿ ಇಟ್ಟಿದ್ದೇನೆ. ಬೇಕಾದರೆ ಬಂದು ನೋಡಬಹುದು.

ಲೇಖನದಲ್ಲಿ ತಪ್ಪು ಇದ್ದರೆ ಕ್ಷಮಿಸಿರಿ. ನಿಮ್ಮ ಮನೆಯಲ್ಲಿ ಹಿರಿಯರಿಗೆ ಬೇರೆ ಮೀನಿನ ಹೆಸರು ಗೊತ್ತಿದ್ದರೆ ಕೆಳಗಿನ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಬರೆಯಿರಿ.

ಇಂತಿ ನಿಮ್ಮ ಗೆಳೆಯ,
ಏಳನೇ ತರಗತಿ ವಿದ್ಯಾರ್ಥಿ